ಹಣ್ಣಿನ ನೊಣ: ಮೋಹಕ ಬಲೆಯ ಲೆಕ್ಕ ಹೇಳುವುದೇನು?

ಮೇ ತಿಂಗಳು ಕಳೆಯುವ ಹೊತ್ತಿಗೆ ಮಾವಿನ ಹಣ್ಣಿನ ಮೇಲೆ ಒಂದು ದೂರು ಕೇಳಿಬರತೊಡಗುತ್ತದೆ. ಹೊರಗಿನಿಂದ ನೋಡಿದರೆ ಹಣ್ಣು ಸೊಗಸಾಗಿದೆ. ಕೊಯ್ದರೆ ತಿರುಳಿನಲ್ಲಿ ಅಕ್ಕಿಕಾಳಿನಂಥ ಬಿಳಿ ಹುಳುಗಳು. ಕೊಂಡವರು ಹಣ್ಣನ್ನು ತಿಪ್ಪೆಗೆ ಎಸೆಯುತ್ತಾರೆ, ಮುಂದಿನ ಸಲ ಅದೇ ತೋಟದ ಹಣ್ಣನ್ನು ಕೇಳುವವರಿಲ್ಲ. ವ್ಯಾಪಾರಿಯಾದರೋ ಈ ನಷ್ಟವನ್ನು ಮೊದಲೇ ಲೆಕ್ಕ ಹಾಕಿ ಬೆಳೆಗಾರನಿಗೆ ಕೊಡುವ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ಹಣ್ಣಿನ ನೊಣದ ಹಾವಳಿ ಎಂದರೆ ಇದೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮಾವು, ಸೀಬೆ ಬೆಳೆಯುವವರಿಗೂ ಹಾಗಲ, ಹೀರೆ, ಸೋರೆ ಬೆಳೆಯುವವರಿಗೂ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಪರಿಹಾರವೆಂದು ಹಲವರು ಮೋಹಕ ಬಲೆಗಳನ್ನು ಕೊಂಡು ಮರಕ್ಕೆ ತೂಗುಹಾಕುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಎರಡು ವಾರದಲ್ಲಿ ಡಬ್ಬಿಯ ತುಂಬ ಸತ್ತ ನೊಣ ಬಿದ್ದಿರುವುದನ್ನು ಕಂಡು "ಇನ್ನು ಭಯವಿಲ್ಲ" ಎಂದು ಸುಮ್ಮನಾಗುವವರಿದ್ದಾರೆ. ಕೊಯ್ಲಿನಲ್ಲಿ ಹುಳು ಕಂಡಾಗ "ಬಲೆಯಿಂದ ಏನೂ ಪ್ರಯೋಜನವಿಲ್ಲ" ಎಂದು ಅದನ್ನು ಕಿತ್ತೆಸೆಯುವವರೂ ಇದ್ದಾರೆ. ಎರಡೂ ಸರಿಯಾದ ತೀರ್ಮಾನವಲ್ಲ. ತುಂಬಿದ ಡಬ್ಬಿ ನಿಮ್ಮ ಹಣ್ಣು ಉಳಿಯಿತೆಂದು ಹೇಳುವುದಿಲ್ಲ. ನೊಣ ಮೊಟ್ಟೆಯಿಡುವ ಕಾಲ ಬಂದಿದೆ, ಬೇರೆ ಕೆಲಸಗಳಿಗೆ ಕೈ ಹಾಕಿ ಎಂದು ಹೇಳುತ್ತದೆ. ಏಕೆ ಹೀಗೆ ಎಂಬುದನ್ನು ತಿಳಿಯಲು ಈ ನೊಣದ ಬಾಳ್ವೆಯನ್ನು ಸ್ವಲ್ಪ ಅರಿತಿರಬೇಕು.

ನೊಣದ ಪರಿಚಯ

ಮಾವು, ಸೀಬೆ, ಸಪೋಟ ಮುಂತಾದ ಹಣ್ಣುಗಳನ್ನು ಬಾಧಿಸುವ ಮುಖ್ಯ ನೊಣದ ಶಾಸ್ತ್ರೀಯ ಹೆಸರು ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್. ಹಳೆಯ ಪುಸ್ತಕಗಳಲ್ಲಿ ಇದನ್ನೇ ಡಾಕಸ್ ಡಾರ್ಸಾಲಿಸ್ ಎಂದು ಕರೆದಿದ್ದಾರೆ. ಗಾತ್ರದಲ್ಲಿ ಮನೆಯ ನೊಣದಷ್ಟೇ ಇದ್ದು ಕಂದು ಹಳದಿ ಬಣ್ಣದ್ದಾಗಿರುತ್ತದೆ, ರೆಕ್ಕೆ ತಿಳಿಯಾಗಿರುತ್ತದೆ. ಹೆಣ್ಣಿನ ಹೊಟ್ಟೆಯ ತುದಿ ಸೂಜಿಯಂತೆ ಚೂಪಾಗಿರುತ್ತದೆ. ಕೊಯ್ದಿಟ್ಟ ಹಲಸಿನ ತೊಳೆಯ ಮೇಲೆ, ಕೊಳೆತ ಬಾಳೆಹಣ್ಣಿನ ಮೇಲೆ ಗುಂಪುಗೂಡುವ ನುಸಿಯಂಥ ಸಣ್ಣ ನೊಣಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ಕೆಟ್ಟ ಹಣ್ಣಿಗೆ ಬರುತ್ತವೆ, ಇದು ಒಳ್ಳೆಯ ಹಣ್ಣನ್ನು ಕೆಡಿಸುತ್ತದೆ.

ಮಾವಿನ ವಾಟೆಯೊಳಗೆ ಸೇರುವ ಮೂತಿಹುಳುವೂ ಬೇರೆಯೇ. ಹಣ್ಣು ಕೊಯ್ದಾಗ ಹುಳು ತಿರುಳಿನಲ್ಲಿದ್ದರೆ ನೊಣದ ಮರಿ, ವಾಟೆಯೊಳಗೆ ಗಟ್ಟಿ ಮೈಯ ಕಪ್ಪು ಕೀಟವಿದ್ದರೆ ಮೂತಿಹುಳು. ಮೂತಿಹುಳುವಿಗೆ ಮೋಹಕ ಬಲೆ ಕಟ್ಟಿದರೆ ಹಣ ದಂಡ.

ಹೆಣ್ಣು ನೊಣ ಬಲಿತ ಕಾಯಿಯ ಸಿಪ್ಪೆಯನ್ನು ಚುಚ್ಚಿ ಅದರ ಕೆಳಗೆ ಮೊಟ್ಟೆಗಳನ್ನು ಗುಂಪಾಗಿ ಇಡುತ್ತದೆ. ಎಳೆಯ ಗಟ್ಟಿ ಕಾಯಿ ಅದಕ್ಕೆ ಅಷ್ಟಾಗಿ ಒಗ್ಗದು. ಉಪ್ಪಿನಕಾಯಿಗೆ ಮಿಡಿ ಕೊಯ್ಯುವವರಿಗೆ ಈ ನೊಣದ ಚಿಂತೆ ಇಲ್ಲದಿರುವುದು ಇದರಿಂದಲೇ. ಒಂದರಿಂದ ಮೂರು ದಿನಗಳಲ್ಲಿ ಮೊಟ್ಟೆಯೊಡೆದು ಮರಿಹುಳು ತಿರುಳನ್ನು ತಿನ್ನಲು ಆರಂಭಿಸುತ್ತದೆ. ಒಂದು ವಾರ, ಹತ್ತು ದಿನ ತಿಂದು ಬಲಿಯುವ ಹೊತ್ತಿಗೆ ಹಣ್ಣು ಕೊಳೆತು ಉದುರುತ್ತದೆ. ಆಗ ಹುಳು ಹೊರಬಂದು ಮೈಯನ್ನು ಬಿಲ್ಲಿನಂತೆ ಬಾಗಿಸಿ ಚಿಮ್ಮುತ್ತಾ ಸ್ವಲ್ಪ ದೂರ ಹೋಗಿ ಮಣ್ಣು ಸೇರುತ್ತದೆ. ಮೇಲಿನ ಕೆಲವೇ ಸೆಂಟಿಮೀಟರ್ ಮಣ್ಣಿನಲ್ಲಿ, ಅಂದರೆ ನಮ್ಮ ಕೈಕುಂಟೆ ತಾಗುವಷ್ಟು ಆಳದಲ್ಲಿ, ಕಂದು ಬಣ್ಣದ ಗೋಧಿಕಾಳಿನಂಥ ಕೋಶವಾಗಿ ಎಂಟರಿಂದ ಹನ್ನೆರಡು ದಿನ ಇರುತ್ತದೆ. ಅನಂತರ ನೊಣವಾಗಿ ಏಳುತ್ತದೆ.

ಎದ್ದ ಹೆಣ್ಣು ನೊಣ ಒಡನೆಯೇ ಮೊಟ್ಟೆಯಿಡಲಾರದು. ಒಂದು ವಾರಕ್ಕೂ ಹೆಚ್ಚು ಕಾಲ ಎಲೆಯ ಮೇಲಿನ ಸಿಹಿ ಅಂಟು, ಹಕ್ಕಿಯ ಹಿಕ್ಕೆ ಮುಂತಾದುವನ್ನು ತಿಂದು ಮೈಗೆ ಬೇಕಾದ ಸಸಾರಜನಕ ಪಡೆದ ಮೇಲೆಯೇ ಅದರ ಮೊಟ್ಟೆಗಳು ಬಲಿಯುತ್ತವೆ. ಅಲ್ಲಿಂದ ಮುಂದೆ ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ.

ಈ ದಿನಗಳ ಲೆಕ್ಕವನ್ನು ನಿಮ್ಮ ತೋಟಕ್ಕೆ ಅನ್ವಯಿಸಿ ನೋಡಿ. ಮೇ 10ರಂದು ಬೇಗ ಮಾಗುವ ಒಂದು ಮರದ ಕೆಳಗೆ ಹುಳು ಬಿದ್ದ ಹಣ್ಣೊಂದು ಉದುರಿತೆನ್ನಿ. ಯಾರೂ ಎತ್ತಲಿಲ್ಲ. ಹತ್ತು ದಿನ ಮಣ್ಣಿನಲ್ಲಿ, ಹತ್ತು ಹನ್ನೆರಡು ದಿನ ಮರದ ಮೇಲೆ. ಜೂನ್ ಮೊದಲ ವಾರದಲ್ಲಿ ಆ ಹಣ್ಣಿನಿಂದೆದ್ದ ಹೆಣ್ಣು ನೊಣಗಳು ಮೊಟ್ಟೆಯಿಡಲು ಸಿದ್ಧವಾಗಿರುತ್ತವೆ. ಆಗ ನಿಮ್ಮ ಮಲ್ಲಿಕಾ, ನೀಲಂ ಮುಂತಾದ ತಡವಾದ ತಳಿಗಳು ಬಲಿಯುತ್ತಿರುತ್ತವೆ. ಮುಂಗಾರಿಗೆ ಮುಂಚಿನ ಮಳೆಯೂ ಬಿದ್ದು ಮಣ್ಣು ಹದವಾಗಿರುತ್ತದೆ. ಒಣಗಿ ಬಿರುಕು ಬಿಟ್ಟ ನೆಲದಲ್ಲಿ ಸಾಯಬಹುದಾಗಿದ್ದ ಕೋಶಗಳು ಈಗ ಬದುಕಿಕೊಳ್ಳುತ್ತವೆ. ಬೇಗ ಕೊಯ್ದ ಬಾದಾಮಿಯಲ್ಲಿ ಅಷ್ಟಾಗಿ ಕಾಣದ ಹುಳು ತಡವಾದ ಹಣ್ಣಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಇದು.

ಮೋಹಕದ ಕಥೆ

ಗಂಡು ನೊಣವನ್ನು ಸೆಳೆಯುವ ಈ ವಾಸನೆಯ ಗುಟ್ಟು ಮೊದಲು ತಿಳಿದದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ ಎಂಬುವರು, ಸೊಳ್ಳೆ ಓಡಿಸಲು ಹಚ್ಚುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣಿನ ನೊಣಗಳು ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಬಂದವೆಲ್ಲವೂ ಗಂಡು ನೊಣಗಳೇ. ಆ ಎಣ್ಣೆಯಲ್ಲಿರುವ ಮಿಥೈಲ್ ಯುಜಿನಾಲ್ ಎಂಬ ವಸ್ತುವೇ ಅವುಗಳನ್ನು ಸೆಳೆಯುವುದೆಂದು 1915ರಲ್ಲಿ ತೋರಿಸಿಕೊಟ್ಟರು. ನಮ್ಮ ಅಂಗಳದ ತುಳಸಿಯಲ್ಲೂ ಇದು ಇದೆ. ಜಜ್ಜಿದ ತುಳಸಿ ಎಲೆಗೆ ಈ ನೊಣ ಬಂದು ಕೂರುವುದನ್ನು ನೀವೇ ಪರೀಕ್ಷಿಸಬಹುದು.

ಇದೇ ವಸ್ತುವಿಗೆ ಕೀಟನಾಶಕ ಸೇರಿಸಿ ನಾರುಹಲಗೆಯ ತುಂಡುಗಳಿಗೆ ಹೀರಿಸಿ ಪೆಸಿಫಿಕ್ ಸಾಗರದ ರೋಟಾ ಎಂಬ ದ್ವೀಪದ ಮೇಲೆಲ್ಲ ಹರಡಿ ಅಲ್ಲಿನ ನೊಣದ ಸಂತತಿಯನ್ನೇ ಅಳಿಸಿದರೆಂಬ ವರದಿ 1965ರಲ್ಲಿ ಪ್ರಕಟವಾಯಿತು. ಗಂಡನ್ನೆಲ್ಲ ಕೊಂದರೆ ಹೆಣ್ಣು ಬರಿದೇ ಉಳಿಯುತ್ತದೆಂಬುದು ಈ ವಿಧಾನದ ತಿರುಳು. ಬಲೆಗಳನ್ನು ಮಾರುವವರು ಹೇಳುವ ಮಾತಿಗೂ ಇದೇ ಆಧಾರ. ಆದರೆ ರೋಟಾ ಸುತ್ತಲೂ ಕಡಲಿರುವ ಸಣ್ಣ ದ್ವೀಪ. ಹಿರೀಸಾವೆಯ ಸುತ್ತಲೋ ಶಾಂತಿಗ್ರಾಮದ ಸುತ್ತಲೋ ಕಡಲಿಲ್ಲ, ಪಕ್ಕದವರ ಜಮೀನಿದೆ.

ಒಂದು ಗಂಡು ನೊಣ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಆದ್ದರಿಂದ ನೂರಕ್ಕೆ ಎಂಬತ್ತು ಗಂಡುಗಳನ್ನು ಕೊಂದರೂ ಉಳಿದ ಇಪ್ಪತ್ತು ಸಾಕು. ಮೇಲಾಗಿ ಬೇರೆ ಕಡೆ ಕೂಡಿಬಂದ ಹೆಣ್ಣು ನಿಮ್ಮ ತೋಟಕ್ಕೆ ಹಾರಿ ಬಂದು ಮೊಟ್ಟೆಯಿಡುವುದನ್ನು ಈ ಬಲೆ ತಡೆಯಲಾರದು. ನಿಮ್ಮ ಹಣ್ಣು ಚುಚ್ಚುವುದು ಹೆಣ್ಣು, ಬಲೆಗೆ ಬೀಳುವುದು ಗಂಡು ಎಂಬುದನ್ನು ಮರೆಯಬಾರದು.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ಗಂಡು ನೊಣ ಮಿಥೈಲ್ ಯುಜಿನಾಲನ್ನು ಸುಮ್ಮನೆ ಮೂಸಿ ನೋಡುವುದಿಲ್ಲ, ತಿನ್ನುತ್ತದೆ. ತಿಂದದ್ದನ್ನು ಮೈಯೊಳಗೆ ಮಾರ್ಪಡಿಸಿ ಹೆಣ್ಣನ್ನು ಒಲಿಸುವ ವಾಸನೆಯಾಗಿ ಹೊರಬಿಡುತ್ತದೆ. ಅದನ್ನು ತಿಂದ ಗಂಡಿಗೆ ತಿನ್ನದ ಗಂಡಿಗಿಂತ ಹೆಚ್ಚು ಹೆಣ್ಣುಗಳು ಒಲಿಯುತ್ತವೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಈಗ ಯೋಚಿಸಿ: ಬಲೆಯೊಳಗಿನ ತುಂಡಿನಲ್ಲಿ ಮೋಹಕ ಉಳಿದಿದ್ದು ಕೀಟನಾಶಕದ ಶಕ್ತಿ ಮಾತ್ರ ಕುಂದಿದ್ದರೆ, ನೀವು ಗಂಡು ನೊಣಕ್ಕೆ ಔತಣ ಬಡಿಸಿ ಕಳಿಸಿದಂತಾಯಿತು. ಹಳೆಯ ತುಂಡನ್ನು ವರ್ಷವಿಡೀ ನೇತುಹಾಕಿ "ಬಲೆ ಇದೆ" ಎಂದು ನಂಬಿರುವುದಕ್ಕಿಂತ ಬಲೆ ಇಲ್ಲದಿರುವುದೇ ವಾಸಿ.

ಹಾಗಾದರೆ ಬಲೆಯ ಉಪಯೋಗವೇನು? ಗಂಡು ಹೆಣ್ಣು ಎರಡೂ ಒಂದೇ ಹಣ್ಣಿನಿಂದ, ಒಂದೇ ಮಣ್ಣಿನಿಂದ, ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಏಳುತ್ತವೆ. ಗಂಡು ಮೋಹಕಕ್ಕೆ ಸರಿಯಾಗಿ ಸೋಲುವುದು ಅದು ಪ್ರಾಯಕ್ಕೆ ಬಂದ ಮೇಲೆ. ಆ ಹೊತ್ತಿಗೆ ಅದರ ಜೊತೆಯ ಹೆಣ್ಣುಗಳೂ ಪ್ರಾಯಕ್ಕೆ ಬಂದಿರುತ್ತವೆ. ಆದ್ದರಿಂದ ಬಲೆಯ ಲೆಕ್ಕ ಒಮ್ಮೆಲೇ ಏರಿದರೆ ಮೊಟ್ಟೆಯಿಡುವ ಹೆಣ್ಣುಗಳೂ ಮರದ ಮೇಲಿವೆ ಎಂದು ಅರ್ಥ. ಅಷ್ಟರ ಮಟ್ಟಿಗೆ ಗಂಡು ನೊಣವೂ ಕಡಿಮೆಯಾಗುವುದು ಮೇಲು ಲಾಭ.

ಯಾವ ನೊಣಕ್ಕೆ ಯಾವ ಮೋಹಕ

ಗೊರೂರಿನ ಹೇಮಾವತಿ ಜಲಾಶಯ 1979ರಲ್ಲಿ ಪೂರ್ಣಗೊಂಡ ಮೇಲೆ ನಾಲೆಯ ನೀರು ಹರಿದ ಕಡೆಗಳಲ್ಲಿ ಬೇಸಾಯದ ಕ್ರಮವೇ ಬದಲಾಗಿದೆ. ನಮ್ಮ ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ಶ್ರೀನಿವಾಸಪುರದಂಥದಲ್ಲ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಮಾವಿನ ತೋಪು. ಇಲ್ಲಿ ತೆಂಗಿನ ತೋಟದ ಅಂಚಿಗೆ ನಾಲ್ಕು ಮಾವು, ಹಿತ್ತಲಲ್ಲಿ ಎರಡು ಸೀಬೆ, ಬದುವಿನ ಮೇಲೆ ಅಜ್ಜನ ಕಾಲದ ನಾಟಿ ಮರ, ಪಕ್ಕದಲ್ಲೇ ಹೀರೆ ಹಾಗಲದ ಚಪ್ಪರ. ಒಂದೇ ಹಿಡುವಳಿಯಲ್ಲಿ ಎರಡು ಬಗೆಯ ನೊಣ.

ಹಾಗಲ, ಹೀರೆ, ಸೋರೆ, ಪಡವಲ, ಸೌತೆ, ಕುಂಬಳಗಳನ್ನು ಕೆಡಿಸುವುದು ಬಳ್ಳಿ ತರಕಾರಿಯ ನೊಣ. ಇದರ ಮೈ ಕೆಂಪು ಕಂದು, ರೆಕ್ಕೆಯ ತುದಿಯಲ್ಲಿ ಕಪ್ಪು ಮಚ್ಚೆಯಿರುತ್ತದೆ. ಇದು ಮಿಥೈಲ್ ಯುಜಿನಾಲಿಗೆ ಬರುವುದೇ ಇಲ್ಲ. ಇದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಮೋಹಕ ಬೇಕು. ಹಾಗಲದ ಚಪ್ಪರದಲ್ಲಿ ಮಾವಿನ ಬಲೆ ಕಟ್ಟಿದರೆ ಸುತ್ತಲಿನ ಮಾವು ಸೀಬೆಗಳ ಗಂಡು ನೊಣಗಳು ಬಂದು ಡಬ್ಬಿ ತುಂಬುತ್ತದೆ, ಹಾಗಲದ ನೊಣ ತನ್ನ ಪಾಡಿಗೆ ತಾನು ಮೊಟ್ಟೆಯಿಡುತ್ತಿರುತ್ತದೆ. ಅಂಗಡಿಯಲ್ಲಿ "ಹಣ್ಣಿನ ನೊಣದ ಬಲೆ ಕೊಡಿ" ಎಂದಷ್ಟೇ ಕೇಳಿದರೆ ಇಂಥ ಎಡವಟ್ಟಾಗುತ್ತದೆ. ಯಾವ ಬೆಳೆಗೆಂದು ಹೇಳಿ ಕೇಳಿ, ಪೊಟ್ಟಣದ ಮೇಲಿನ ಮೋಹಕದ ಹೆಸರನ್ನು ಓದಿಸಿ ಕೊಳ್ಳಿ. ಎರಡೂ ಬೆಳೆ ಇರುವವರು ಎರಡೂ ಬಲೆಗಳನ್ನು ಬೇರೆ ಬೇರೆಯಾಗಿ ಕಟ್ಟಬೇಕು. ಒಂದೇ ಡಬ್ಬಿಯಲ್ಲಿ ಎರಡು ತುಂಡು ಹಾಕಿದರೆ ಲೆಕ್ಕ ಕಲಬೆರಕೆಯಾಗುತ್ತದೆ.

ಬಲೆ ಕಟ್ಟುವ ಕ್ರಮ

ಡಬ್ಬಿಗೆ ಹೆಚ್ಚು ಖರ್ಚು ಬೇಡ. ಒಂದು ಲೀಟರಿನ ಪ್ಲಾಸ್ಟಿಕ್ ನೀರಿನ ಬಾಟಲಿಯ ಮೇಲುಭಾಗದಲ್ಲಿ ಎದುರುಬದುರಾಗಿ ಹೆಬ್ಬೆರಳು ತೂರುವಷ್ಟು ತೂತುಗಳನ್ನು ಮಾಡಿ, ಮುಚ್ಚಳದಿಂದ ತಂತಿಯಲ್ಲಿ ಮೋಹಕದ ತುಂಡನ್ನು ಒಳಗೆ ತೂಗುಬಿಟ್ಟರೆ ಬಲೆ ಸಿದ್ಧ. ತಳದಲ್ಲಿ ಮಳೆನೀರು ಬಸಿಯಲು ದಬ್ಬಳದಿಂದ ಒಂದೆರಡು ಸಣ್ಣ ತೂತು ಮಾಡಿ. ಆಳೆತ್ತರದಲ್ಲಿ, ಎಲೆಯ ನೆರಳಿನಲ್ಲಿ, ಗಾಳಿಯಾಡುವ ಕಡೆ ಕಟ್ಟಿರಿ. ಬಿಸಿಲಿಗೆ ಕಟ್ಟಿದರೆ ಮೋಹಕ ಬೇಗ ಆರಿಹೋಗುತ್ತದೆ.

ತುಂಡನ್ನು ಮನೆಯಲ್ಲೇ ಮಾಡಿಕೊಳ್ಳುವ ಕ್ರಮವೊಂದು ಬಹಳ ಕಾಲದಿಂದ ಶಿಫಾರಸಿನಲ್ಲಿತ್ತು: ಮದ್ಯಸಾರ 6 ಪಾಲು, ಮಿಥೈಲ್ ಯುಜಿನಾಲ್ 4 ಪಾಲು, ಮೆಲಾಥಿಯಾನ್ 1 ಪಾಲು ಬೆರೆಸಿ ಅದರಲ್ಲಿ ಪ್ಲೈವುಡ್ ತುಂಡುಗಳನ್ನು ಎರಡು ದಿನ ನೆನೆಹಾಕುವುದು. ಕೆಲವು ಹಳೆಯ ಕೈಪಿಡಿಗಳಲ್ಲಿ ಮೆಲಾಥಿಯಾನ್ ಬದಲು ಡೈಕ್ಲೋರ್‌ವಾಸ್ ಎಂದಿರುತ್ತದೆ. ಡೈಕ್ಲೋರ್‌ವಾಸನ್ನು ನಮ್ಮ ದೇಶದಲ್ಲಿ 2020ರ ಡಿಸೆಂಬರ್ 31ರಿಂದ ನಿಷೇಧಿಸಲಾಗಿದೆ. ಎಲ್ಲಾದರೂ ಹಳೆಯ ಸೀಸೆ ಉಳಿದಿದ್ದರೂ ಬಳಸಕೂಡದು. ನನ್ನ ಸಲಹೆ ಕೇಳಿದರೆ ಸಿದ್ಧ ತುಂಡುಗಳನ್ನೇ ಕೊಳ್ಳಿ. ಅಡುಗೆಮನೆಯ ಪಕ್ಕದಲ್ಲಿ ವಿಷ ಬೆರೆಸುವ ಕೆಲಸ ಉಳಿತಾಯದ್ದಲ್ಲ. ಸಿದ್ಧ ತುಂಡನ್ನು ಮುಟ್ಟುವಾಗಲೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳಿ. ಆ ವಾಸನೆ ಅಂಗಿಗೆ ಹತ್ತಿದರೆ ನೊಣ ನಿಮ್ಮನ್ನೇ ಹಿಂಬಾಲಿಸುತ್ತದೆ! ಒಂದೂವರೆ ಎರಡು ತಿಂಗಳಿಗೊಮ್ಮೆ ತುಂಡನ್ನು ತಪ್ಪದೆ ಬದಲಾಯಿಸಬೇಕು. ಕಟ್ಟಿದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆದಿಡಿ.

ನೇತುಹಾಕಿದ ತಂತಿಗೆ ಸ್ವಲ್ಪ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ. ಇದು ಸಣ್ಣ ಮಾತಲ್ಲ. ಇರುವೆಗಳು ಸತ್ತ ನೊಣಗಳನ್ನು ಹೊತ್ತೊಯ್ದರೆ ಡಬ್ಬಿ ಖಾಲಿಯಾಗಿ ಕಾಣುತ್ತದೆ, ನೀವು ನೊಣವೇ ಇಲ್ಲವೆಂದುಕೊಳ್ಳುತ್ತೀರಿ.

ಸಂಖ್ಯೆ ತಿಳಿಯುವುದಕ್ಕಷ್ಟೇ ಆದರೆ ಎಕರೆಗೆ ಒಂದೆರಡು ಬಲೆ ಸಾಕು. ಗಂಡು ನೊಣವನ್ನು ತಗ್ಗಿಸಬೇಕೆನ್ನುವವರು ಆರರಿಂದ ಎಂಟು ಕಟ್ಟಬಹುದು. ಕಾಯಿ ನಿಂಬೆಯ ಗಾತ್ರಕ್ಕೆ ಬರುವ ಹೊತ್ತಿಗೇ ಕಟ್ಟಿ. ಹಣ್ಣು ಮಾಗಿದ ಮೇಲೆ ಬಲೆ ಕಟ್ಟುವುದು ಕಳ್ಳ ಹೊರಟ ಮೇಲೆ ಬೀಗ ಹಾಕಿದಂತೆ.

ಲೆಕ್ಕ ಇಡುವುದು ಹೇಗೆ

ಇಲ್ಲಿಯೇ ನಮ್ಮವರು ಸೋಮಾರಿತನ ಮಾಡುವುದು. ವಾರಕ್ಕೊಮ್ಮೆ, ಒಂದೇ ವಾರದಂದು, ಡಬ್ಬಿಯನ್ನು ಹಳೆಯ ಪತ್ರಿಕೆಯ ಮೇಲೆ ಸುರಿದು ನೊಣಗಳನ್ನು ಎಣಿಸಿ. ಎಣಿಸಿದ ಮೇಲೆ ಅವನ್ನು ಮಣ್ಣಿನಲ್ಲಿ ಹೂತು ಡಬ್ಬಿಯನ್ನು ಬರಿದು ಮಾಡಿ ಮತ್ತೆ ಕಟ್ಟಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಬರೆದಿಡುವ ಕೆಲಸವನ್ನು ಅವರಿಗೆ ಒಪ್ಪಿಸಬಹುದು, ನೊಣವನ್ನೂ ತುಂಡನ್ನೂ ಮುಟ್ಟಲು ಮಾತ್ರ ಬಿಡಬೇಡಿ.

ಒಟ್ಟು ನೊಣಗಳ ಸಂಖ್ಯೆಯನ್ನು ಬಲೆಗಳ ಸಂಖ್ಯೆಯಿಂದಲೂ ದಿನಗಳ ಸಂಖ್ಯೆಯಿಂದಲೂ ಭಾಗಿಸಿದರೆ ದಿನಕ್ಕೆ ಒಂದು ಬಲೆಗೆ ಎಷ್ಟು ನೊಣ ಎಂದು ಸಿಗುತ್ತದೆ. ಪ್ರಪಂಚದ ಎಲ್ಲೆಡೆ ಈ ನೊಣವನ್ನು ಅಳೆಯುವುದು ಈ ಲೆಕ್ಕದಿಂದಲೇ. ಉದಾಹರಣೆಗೆ, 2 ಬಲೆಗಳಲ್ಲಿ 7 ದಿನಕ್ಕೆ 42 ನೊಣ ಬಿದ್ದರೆ 42ನ್ನು 14ರಿಂದ ಭಾಗಿಸಿ: ದಿನಕ್ಕೆ ಬಲೆಗೆ 3. ಮುಂದಿನ ವಾರ 126 ಬಿದ್ದರೆ 9. ಒಂದು ವಾರ ಎಣಿಸುವುದು ತಪ್ಪಿ 14 ದಿನಕ್ಕೆ ಎಣಿಸಿದರೂ ಈ ಲೆಕ್ಕದಲ್ಲಿ ಹೋಲಿಸಲು ಬರುತ್ತದೆ. ಬರಿಯ ಡಬ್ಬಿ ನೋಡಿ "ಅರ್ಧ ತುಂಬಿದೆ" ಎಂದರೆ ಏನನ್ನೂ ಹೋಲಿಸಲಾಗದು.

"ಎಷ್ಟು ಬಂದರೆ ಅಪಾಯ?" ಎಂದು ಕೇಳುತ್ತೀರಿ. ಮೋಹಕ ದೂರದ ನೊಣಗಳನ್ನೂ ಎಳೆಯುತ್ತದೆ, ಪಕ್ಕದವರ ಬದುವಿನ ಮರದ ನೊಣವೂ ನಿಮ್ಮ ಡಬ್ಬಿಗೇ ಬೀಳುತ್ತದೆ. ಆದ್ದರಿಂದ ಒಂದು ತೋಟದ ಅಂಕಿಯನ್ನು ಇನ್ನೊಂದು ತೋಟಕ್ಕೆ ಹಚ್ಚುವುದು ಸರಿಯಲ್ಲ. ನಿಮ್ಮದೇ ಬಲೆಯ ಕಳೆದ ವಾರದ ಅಂಕಿಯೊಡನೆ ಈ ವಾರದ್ದನ್ನು ಹೋಲಿಸಿ, ಜೊತೆಗೆ ಕಾಯಿಯ ಬಲಿತವನ್ನು ನೋಡಿ. ಅಂಕಿ ಏರುತ್ತಿದ್ದು ಕಾಯಿ ಇನ್ನೂ ಎಳೆಯದಾಗಿದ್ದರೆ ಸಿಂಪರಣೆಗೆ ಓಡಬೇಡಿ. ಸುತ್ತಮುತ್ತ ಬೇಗ ಮಾಗುವ ಮರ ಯಾವುದಿದೆ, ಅದರ ಕೆಳಗೆ ಏನು ಬಿದ್ದಿದೆ ಎಂದು ಹುಡುಕಿ. ಕಾಯಿ ಬಲಿಯುತ್ತಿದ್ದು ಎರಡು ವಾರ ಒಂದೇ ಸಮನೆ ಅಂಕಿ ಏರಿದರೆ ತಡಮಾಡುವಂತಿಲ್ಲ. ಇದ್ದಕ್ಕಿದ್ದಂತೆ ಅಂಕಿ ಸೊನ್ನೆಗಿಳಿದರೆ ಸಂತೋಷಪಡುವ ಮೊದಲು ತುಂಡಿನ ದಿನಾಂಕವನ್ನೂ ತಂತಿಯ ಮೇಲಿನ ಇರುವೆಯನ್ನೂ ನೋಡಿ.

ಬಲೆಯ ಜೊತೆಗೆ ಹಣ್ಣನ್ನೂ ಪರೀಕ್ಷಿಸಬೇಕು. ಬೇರೆ ಬೇರೆ ಮರಗಳಿಂದ ಬಲಿತ ಹತ್ತಿಪ್ಪತ್ತು ಕಾಯಿಗಳನ್ನು ಕಿತ್ತು, ಒಂದು ಅಗಲವಾದ ಡಬ್ಬದಲ್ಲಿ ಎರಡು ಬೆರಳು ದಪ್ಪ ಮರಳು ಹಾಸಿ ಅದರ ಮೇಲಿಟ್ಟು ತೆಳುಬಟ್ಟೆ ಕಟ್ಟಿಡಿ. ಹತ್ತು ಹದಿನೈದು ದಿನಗಳ ಮೇಲೆ ಮರಳನ್ನು ಜರಡಿ ಹಿಡಿದರೆ ಕೋಶಗಳು ಸಿಕ್ಕುತ್ತವೆಯೋ ಇಲ್ಲವೋ ತಿಳಿಯುತ್ತದೆ. ಗಂಡು ನೊಣದ ಲೆಕ್ಕ ಹೇಳದ ಸತ್ಯವನ್ನು ಈ ಮರಳು ಹೇಳುತ್ತದೆ.

ಮರದ ಕೆಳಗಿನ ಕೆಲಸ

ನಾನು ಬೇಸಾಯಶಾಸ್ತ್ರದವನು, ಕೀಟಶಾಸ್ತ್ರ ನನ್ನ ವಿಷಯವಲ್ಲ. ಬಹುಶಃ ಅದರಿಂದಲೇ ನನ್ನ ಕಣ್ಣು ಮರದ ಮೇಲಿನ ಡಬ್ಬಿಗಿಂತ ಮರದ ಕೆಳಗಿನ ನೆಲದ ಮೇಲೆ ಹೆಚ್ಚು ಬೀಳುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲೂ ಬಲೆಯೊಂದೇ ಇಲ್ಲ. ಉದುರಿದ ಹಣ್ಣಿನ ನಾಶವೂ ಅದರ ಅಂಗ.

ಅಂಕಿ ಏರಿದ ವಾರದಿಂದ ಕೊಯ್ಲು ಮುಗಿಯುವವರೆಗೆ ಎರಡು ದಿನಕ್ಕೊಮ್ಮೆಯಾದರೂ ಉದುರಿದ ಹಣ್ಣನ್ನೆಲ್ಲ ಆರಿಸಬೇಕು. ವಾರಕ್ಕೊಮ್ಮೆ ಎಂದರೆ ಹುಳು ಆಗಲೇ ಮಣ್ಣು ಸೇರಿರುತ್ತದೆ. ಆರಿಸಿದ್ದನ್ನು ತಿಪ್ಪೆಗೆ ಹಾಕುವುದು, ಬೇಲಿಯಾಚೆ ಎಸೆಯುವುದು, ನಾಲೆಗೆ ತಳ್ಳುವುದು ನೊಣವನ್ನು ಬೇರೆ ಜಾಗದಲ್ಲಿ ಸಾಕಿದಂತೆ. ಎರಡು ಅಡಿ ಆಳದ ಗುಂಡಿಯಲ್ಲಿ ಹಾಕಿ ಮೇಲೆ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಗುಂಡಿ ತೆಗೆಯಲು ಆಳಿಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಯಿ ಬಿಗಿದು ಒಂದು ವಾರ ಹತ್ತು ದಿನ ಬಿರುಬಿಸಿಲಿಗೆ ಇಡಬಹುದು. ದನಕ್ಕೂ ಹಂದಿಗೂ ಒಡನೆಯೇ ತಿನ್ನಿಸಿದರೂ ಆದೀತು. ಹವಾಯಿಯಲ್ಲಿ ಇಂಥ ಹಣ್ಣನ್ನು ಸಣ್ಣ ಕಣ್ಣಿನ ಬಲೆಬಟ್ಟೆಯ ಡೇರೆಯೊಳಗೆ ಸುರಿಯುವ ಪದ್ಧತಿಯಿದೆ. ಎದ್ದ ನೊಣ ಆ ಕಣ್ಣಿನಿಂದ ತೂರಲಾರದು, ನೊಣದ ಸಂತತಿಯನ್ನು ತಿಂದು ಬೆಳೆದ ಸಣ್ಣ ಕಣಜಗಳು ಮಾತ್ರ ತೂರಿ ತೋಟಕ್ಕೆ ಮರಳುತ್ತವೆ.

ಮರದ ಬುಡದ ಸುತ್ತ ನೆರಳು ಬೀಳುವಷ್ಟು ಅಗಲಕ್ಕೆ ಮಣ್ಣನ್ನು ಮೇಲೆಮೇಲೆ ಕುಂಟೆ ಹೊಡೆದು ಕೆದಕುವುದರಿಂದ ಕೋಶಗಳು ಬಿಸಿಲಿಗೂ ಇರುವೆಗೂ ಹಕ್ಕಿಗೂ ಕೋಳಿಗೂ ಸಿಕ್ಕುತ್ತವೆ. ಬೇರಿಗೆ ಪೆಟ್ಟಾಗುವಂತೆ ಆಳವಾಗಿ ಉಳಬೇಕಾಗಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಕೆಲಸ ಏಕೆ ಆಗುವುದಿಲ್ಲ? ಒಂದು ಮುಖ್ಯ ಕಾರಣ ನಮ್ಮ ಗುತ್ತಿಗೆಯ ಪದ್ಧತಿ. ಹೂವಿನಲ್ಲೋ ಕಾಯಲ್ಲೋ ಫಸಲನ್ನು ಗುತ್ತಿಗೆಗೆ ಕೊಟ್ಟಮೇಲೆ ಬಿದ್ದ ಹಣ್ಣು ಯಾರದು? ಮರ ನನ್ನದಲ್ಲ ಎಂದು ಗುತ್ತಿಗೆದಾರ, ಈ ವರ್ಷದ ಹಣ್ಣು ನನ್ನದಲ್ಲ ಎಂದು ಮಾಲೀಕ. ನಡುವೆ ನೊಣಕ್ಕೆ ಸುಗ್ಗಿ. ಗುತ್ತಿಗೆಯ ಮಾತುಕತೆಯಲ್ಲಿ ಬೆಲೆಯ ಜೊತೆಗೆ ಉದುರಿದ ಹಣ್ಣನ್ನು ಆರಿಸಿ ಹೂಳುವ ಹೊಣೆ ಯಾರದೆಂದು ಮೊದಲೇ ನಿರ್ಧರಿಸಿ ಕಾಗದದಲ್ಲಿ ಬರೆಸಿಕೊಳ್ಳಿ. ಗುತ್ತಿಗೆದಾರ ಒಪ್ಪದಿದ್ದರೆ ಆ ಕೂಲಿಯನ್ನು ನೀವೇ ಹೊತ್ತು ಬೆಲೆಯಲ್ಲಿ ಕೇಳಿ. ಅವನು ಮುಂದಿನ ವರ್ಷ ಬೇರೆ ತೋಟ ಹಿಡಿಯುತ್ತಾನೆ, ಹುಳು ಬಿದ್ದ ತೋಟ ನಿಮ್ಮ ಬಳಿಯೇ ಉಳಿಯುತ್ತದೆ.

ಹೆಣ್ಣು ನೊಣಕ್ಕೆ ಬೆಲ್ಲದ ಆಸೆ

ಮೊಟ್ಟೆಯಿಡುವ ಮುನ್ನ ಹೆಣ್ಣಿಗೆ ಆಹಾರ ಬೇಕೇ ಬೇಕೆಂದು ಮೇಲೆ ಹೇಳಿದೆ. ವಿಷದ ಆಮಿಷ ಕೆಲಸ ಮಾಡುವುದು ಆ ದಿನಗಳಲ್ಲಿ. ಲೀಟರ್ ನೀರಿಗೆ 10 ಗ್ರಾಂ ಬೆಲ್ಲ ಕರಗಿಸಿ, ಆ ಬೆಳೆಗೆ ಈಗ ಅನುಮತಿಯಿರುವ ಕೀಟನಾಶಕವನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಸೇರಿಸಬೇಕು. ಮರವನ್ನೆಲ್ಲ ತೋಯಿಸುವುದಲ್ಲ, ಕಾಂಡಕ್ಕೆ, ಕೆಳಗಿನ ಕೊಂಬೆಯ ಎಲೆಗಳಿಗೆ ಅಲ್ಲಲ್ಲಿ ದೊಡ್ಡ ಹನಿಗಳಾಗಿ ಬೀಳುವಂತೆ ಎರಚಿದರೆ ಸಾಕು. ಅನುಮತಿಯ ಪಟ್ಟಿ ಆಗಾಗ ಬದಲಾಗುತ್ತಿರುವುದರಿಂದ ಹಳೆಯ ಲೇಖನಗಳನ್ನು ನಂಬದೆ ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳಿಕೊಳ್ಳಿ. ಸಿಂಪರಣೆಗೂ ಕೊಯ್ಲಿಗೂ ನಡುವೆ ಚೀಟಿಯಲ್ಲಿ ಹೇಳಿದಷ್ಟು ದಿನ ಬಿಡಲೇಬೇಕು.

ಬಳ್ಳಿ ತರಕಾರಿ ಬೆಳೆಯುವವರಿಗೆ ಇಲ್ಲೊಂದು ಅನುಕೂಲವಿದೆ. ಹಾಗಲದ ನೊಣ ದಿನವೆಲ್ಲ ಹಾಗಲದ ಚಪ್ಪರದಲ್ಲೇ ಇರುವುದಿಲ್ಲ. ಅಕ್ಕಪಕ್ಕದ ಎತ್ತರದ ಗಿಡಗಳ, ಅದರಲ್ಲೂ ಮುಸುಕಿನ ಜೋಳದ ಎಲೆಯಡಿಯಲ್ಲಿ ತಂಗಿದ್ದು ಮೊಟ್ಟೆಯಿಡುವ ಹೊತ್ತಿಗೆ ಬಳ್ಳಿಗೆ ಬರುತ್ತದೆ. ಆದ್ದರಿಂದ ಚಪ್ಪರದ ಸುತ್ತ ಎರಡು ಸಾಲು ಮುಸುಕಿನ ಜೋಳ ಬಿತ್ತಿ ಬೆಲ್ಲದ ಆಮಿಷವನ್ನು ಆ ಜೋಳದ ಎಲೆಗೆ ಹೊಡೆದರೆ ತಿನ್ನುವ ಕಾಯಿಗೆ ವಿಷ ತಾಗುವುದಿಲ್ಲ, ಹೂವಿಗೆ ಬರುವ ಜೇನುನೊಣಕ್ಕೂ ಅಪಾಯ ಕಡಿಮೆ. ಆ ಜೋಳವನ್ನು ಮಾತ್ರ ದನಕ್ಕೆ ಮೇವಾಗಿ ಹಾಕಬಾರದು, ತೆನೆಯನ್ನು ತಿನ್ನಬಾರದು. ನಾಲ್ಕಾರು ಬಳ್ಳಿಯಷ್ಟೇ ಇರುವ ಹಿತ್ತಲಿಗೆ ಇದಾವುದೂ ಬೇಡ. ಪೀಚುಕಾಯಿಗೆ ಕಾಗದದ ಚೀಲ ಕಟ್ಟಿದರೆ ಆಯಿತು.

ಸೀಬೆಯ ವಿಷಯದಲ್ಲಿ ಬೇರೆಯದೇ ಉಪಾಯವಿದೆ. ಮಳೆಗಾಲದಲ್ಲಿ ಬಲಿಯುವ ಸೀಬೆಗೆ ನೊಣ ಅತಿ ಹೆಚ್ಚು, ಚಳಿಗಾಲದ ಫಸಲಿಗೆ ಕಡಿಮೆ. ರುಚಿಯೂ ಚಳಿಗಾಲದ್ದೇ ಮೇಲು. ಬೇಸಿಗೆಯಲ್ಲಿ ನೀರು ತಡೆದು, ಚಿಗುರು ಸವರಿ ಮಳೆಗಾಲದ ಫಸಲನ್ನು ಕೈಬಿಟ್ಟು ಚಳಿಗಾಲದ ಫಸಲನ್ನು ಹಿಡಿಯುವುದು ಲಾಭಕರ. ಮಾವಿನಿಂದ ಎದ್ದ ನೊಣ ಜುಲೈ, ಆಗಸ್ಟ್‌ನಲ್ಲಿ ಬದುಕುಳಿಯುವುದು ಈ ಮಳೆಗಾಲದ ಸೀಬೆಯ ಆಶ್ರಯದಿಂದಲೇ. ಅದನ್ನು ಕೈಬಿಟ್ಟರೆ ಮುಂದಿನ ವರ್ಷದ ಮಾವಿಗೂ ಒಳ್ಳೆಯದು.

ಕೊಯ್ಲು ಮತ್ತು ಮಾರಾಟ

ಮರದಲ್ಲೇ ಹಣ್ಣಾಗಲೆಂದು ಕಾಯುವುದು ನೊಣಕ್ಕೆ ಅವಕಾಶ ಕೊಟ್ಟಂತೆ. ಅಂಕಿ ಏರುತ್ತಿದ್ದರೆ ಬಲಿತ ಕಾಯಿಯನ್ನು ನಾಲ್ಕು ದಿನ ಮೊದಲೇ ಕೊಯ್ದು ಹುಲ್ಲಿನಲ್ಲಿ ಮಾಗಿಸಿ. ಮೊಟ್ಟೆಯಿಟ್ಟ ಸಣ್ಣ ಚುಕ್ಕೆ, ಅದರಿಂದ ಒಸರಿದ ರಸ ಕಂಡರೆ ಅಂಥದನ್ನು ಬೇರ್ಪಡಿಸಿ.

ಹೊರದೇಶಕ್ಕೆ ಹೋಗುವ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 60 ನಿಮಿಷ ಇಡುವ ಕ್ರಮವಿದೆ. ಒಳಗಿನ ಮೊಟ್ಟೆ, ಎಳೆಯ ಹುಳು ಸಾಯುತ್ತವೆ. ಮನೆಯ ಹಂಡೆಯಲ್ಲಿ ಇದನ್ನು ಮಾಡಹೊರಟರೆ ಶಾಖ ಒಂದೇ ಸಮ ನಿಲ್ಲುವುದಿಲ್ಲ. ಹೆಚ್ಚಾದರೆ ಹಣ್ಣು ಬೆಂದೀತು, ಕಡಿಮೆಯಾದರೆ ಹುಳು ಸಾಯದು. ಇದು ಸಂಘವಾಗಿ ಯಂತ್ರ ಹಾಕಿಸಿಕೊಂಡವರ ಕೆಲಸ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ನಮ್ಮ ದೇಶದ ಮಾವು, ಹಾಗಲ, ಪಡವಲ, ಬದನೆ, ಕೆಸವಿನ ಆಮದನ್ನು ನಿಲ್ಲಿಸಿತ್ತು. ಅಲ್ಲಿಗೆ ಹೋದ ಸರಕಿನಲ್ಲಿ ಹಣ್ಣಿನ ನೊಣ ಮುಂತಾದ ಕೀಟಗಳು ಸಿಕ್ಕಿದ್ದೇ ಇದಕ್ಕೆ ಕಾರಣ. ಮಾವಿನ ಮೇಲಿನ ನಿಷೇಧ 2015ರ ಆರಂಭದಲ್ಲಿ ತೆರವಾಯಿತು. ಕೆಲವೇ ಪೆಟ್ಟಿಗೆಗಳ ಹುಳುವಿಗೆ ದೇಶದ ಬೆಳೆಗಾರರೆಲ್ಲ ಒಂದು ಸುಗ್ಗಿಯ ಪೇಟೆ ಕಳೆದುಕೊಂಡರು.

ಈ ನೊಣ ಕೆಲವು ಕಿಲೋಮೀಟರ್ ಹಾರಬಲ್ಲದು. ಆದ್ದರಿಂದ ಒಂದು ಊರಿನ ಹತ್ತು ಮನೆಯವರು ಒಟ್ಟಾಗಿ, ಹಿತ್ತಲಿನ ಮರ, ಬದುವಿನ ಮರ, ಗುಂಡುತೋಪಿನ ಮರಗಳನ್ನೂ ಸೇರಿಸಿಕೊಂಡು ಹಣ್ಣು ಆರಿಸಿದರೆ ಆಗುವ ಕೆಲಸ ಒಬ್ಬರೇ ಎಕರೆಗೆ ಇಪ್ಪತ್ತು ಬಲೆ ಕಟ್ಟಿದರೂ ಆಗದು. ಯಾರ ಆರೈಕೆಯೂ ಇಲ್ಲದ ಗುಂಡುತೋಪಿನ ಮರಗಳನ್ನು ಗ್ರಾಮ ಪಂಚಾಯಿತಿಯಲ್ಲಿ ಮಾತನಾಡಿ ಸರದಿಯ ಮೇಲೆ ಹಂಚಿಕೊಳ್ಳಬಹುದು.

ಕೊಯ್ಲು ಮುಗಿದ ಮೇಲೆ ಎಲ್ಲ ಬಲೆಗಳನ್ನೂ ಇಳಿಸಿಬಿಡಬೇಡಿ. ಒಂದನ್ನು ಹೊಸ ತುಂಡಿನೊಡನೆ ಸೀಬೆಯ ಬಳಿಗೆ ವರ್ಗಾಯಿಸಿ ಲೆಕ್ಕವನ್ನು ಮುಂದುವರಿಸಿ. ಉಳಿದವನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಹಳೆಯ ತುಂಡುಗಳನ್ನು ಬಾವಿ, ಕೆರೆಗಳಿಂದ ದೂರ ಹೂತು, ಡಬ್ಬಿಗಳನ್ನು ಮಕ್ಕಳ ಕೈಗೆ ಸಿಗದಂತೆ ಅಟ್ಟದ ಮೇಲಿಡಿ. ಬರೆದಿಟ್ಟ ಪುಸ್ತಕವನ್ನೂ ಅಲ್ಲೇ ಇಡಿ. ಬರುವ ವರ್ಷ ಬಲೆ ಕಟ್ಟುವಾಗ, ಯಾವ ವಾರದಲ್ಲಿ ಅಂಕಿ ಏರಲು ಆರಂಭವಾಗಿತ್ತು ಎಂದು ಮೊದಲು ಅದನ್ನೇ ತೆರೆದು ನೋಡಬೇಕಾಗುತ್ತದೆ.